ಒಟಿಪಿ ಯಾರ ಫೋನಿಗೆ ಬಂತು?

ನರಗುಂದದ ಗುಡ್ಡ ಬೆನ್ನ ಹಿಂದೆ ಸರಿದ ಮೇಲೆ ರೋಣ ಬರುವ ತನಕ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ರಸ್ತೆಯ ಎರಡೂ ಮಗ್ಗುಲಿಗೆ ಎರಿ ಹೊಲ. ಎಳ್ಳಮವಾಸ್ಯೆಯ ಆಜುಬಾಜು ಬಸ್ಸಿನ ಕಿಟಕಿಗೆ ಕೂತರೆ ಬಿಳಿಜೋಳ ಹೊಡೆ ಒಡೆಯುತ್ತಿರುತ್ತದೆ, ಕಡಲೆ ಹೂವು ಕಾಯಿ ಎರಡನ್ನೂ ಹೊತ್ತು ನೆಲಕ್ಕೆ ಹತ್ತಿಕೊಂಡಿರುತ್ತದೆ, ಅಕ್ಕಡಿಗೆ ಹಾಕಿದ ಕುಸುಬಿ ಮುಳ್ಳು ಬಲಿಸುತ್ತಿರುತ್ತದೆ. ಮಳೆಗಾಲದಲ್ಲಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತಿದ್ದ ಮಣ್ಣು ಈಗ ಅಂಗೈ ಹೋಗುವಷ್ಟು ಬಿರಿದಿದೆ. ರೋಣ ದಾಟಿ ಗಜೇಂದ್ರಗಡದ ಕಡೆ ಹೊರಳಿದರೆ ಮತ್ತೆ ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಗಾಳಿ ವಿದ್ಯುತ್ತಿನ ಕಂಬಗಳ ಸಾಲು. ಅವುಗಳ ರೆಕ್ಕೆ ಕಂಡದ್ದೇ ತಡ, ಬಸ್ಸಿನೊಳಗೆ ಗಂಟುಮೂಟೆ ಹುಡುಕುವ ಸಪ್ಪಳ ಶುರುವಾಗುತ್ತದೆ.

ಈ ದಾರಿಯ ಬಸ್ಸಿನಲ್ಲಿ ಈಗ ಹೆಣ್ಣುಮಕ್ಕಳದೇ ರಾಜ್ಯ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ತವರಿಗೆ ಹೋಗಲು, ಸಂತೆಗೆ ಹೋಗಲು, ಸುಮ್ಮನೆ ಅಕ್ಕನ ಮುಖ ನೋಡಿ ಬರಲು ಗಂಡನ ಹತ್ತಿರ ಬಸ್ ಚಾರ್ಜು ಕೇಳಬೇಕಿಲ್ಲ. ಕಂಡಕ್ಟರ್ ಬಂದಾಗ ಸೆರಗಿನ ಗಂಟಿನಿಂದ, ಸೊಂಟದ ಸಂಚಿಯಿಂದ ಆಧಾರ್ ಕಾರ್ಡು ಹೊರಗೆ ಬರುತ್ತದೆ. ಮಡಿಚಿ ಮಡಿಚಿ ಮುಖದ ಮೇಲೆಯೇ ಗೆರೆ ಬಿದ್ದ ಫೋಟೊ. ಅದು ಇವಳದೇ ಹೌದೋ ಅಲ್ಲವೋ ದೇವರಿಗೇ ಗೊತ್ತು. ಕಂಡಕ್ಟರ್ ನೋಡಿದಂತೆ ಮಾಡಿ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುತ್ತಾನೆ.

ನಾನು ಇದನ್ನು ಕಸುಬಿನ ಕಣ್ಣಿನಿಂದ ನೋಡುತ್ತೇನೆ. ಬೆಂಗಳೂರಿನಲ್ಲಿ ನನ್ನ ಕೆಲಸವೂ ಕಂಡಕ್ಟರನದೇ. ಒಂದು ಸಾಫ್ಟ್‌ವೇರ್ ಕಂಪನಿಯ ಲಾಗಿನ್ ತಂಡದಲ್ಲಿದ್ದೇನೆ. ಬಾಗಿಲಿಗೆ ಬಂದವರು ಯಾರು, ಹೌದೆಂದು ಹೇಳಿಕೊಳ್ಳುವವರು ಅವರೇ ಹೌದಾ, ಒಳಗೆ ಬಿಟ್ಟ ಮೇಲೆ ಎಷ್ಟು ಹೊತ್ತು ಕೂಡಿಸಬೇಕು, ಯಾವಾಗ ಹೊರಗೆ ಹಾಕಬೇಕು. ಇಡೀ ದಿನ ಇದೇ. ಒಟಿಪಿ ಎಷ್ಟು ಅಂಕಿಯದಿರಬೇಕು, ಎಷ್ಟು ಸೆಕೆಂಡಿಗೆ ಸಾಯಬೇಕು ಎಂಬುದರ ಮೇಲೆ ನಾವು ಗಂಟೆಗಟ್ಟಲೆ ಮೀಟಿಂಗ್ ಮಾಡುತ್ತೇವೆ. ಆ ಮೀಟಿಂಗಿನಲ್ಲಿ ಯಾರೂ ಎತ್ತದ ಮಾತು ಒಂದಿದೆ, ಏಕೆಂದರೆ ಅದನ್ನು ಎಲ್ಲರೂ ಒಪ್ಪಿಕೊಂಡೇ ಬಂದು ಕೂತಿರುತ್ತಾರೆ: ಒಂದು ನಂಬರು ಅಂದರೆ ಒಬ್ಬ ಮನುಷ್ಯ.

ಗಜೇಂದ್ರಗಡದ ನಮ್ಮ ಮನೆಯಲ್ಲಿ ಒಂದು ನಂಬರು ಅಂದರೆ ಒಂದು ಮನೆತನ.

ಪಡಸಾಲೆಯ ಗೋಡೆಯಲ್ಲಿ ಒಂದು ಮಾಡ ಇದೆ. ಮೊದಲು ಅದರಲ್ಲಿ ಚಿಮಣಿ ಇಡುತ್ತಿದ್ದರು. ಮಸಿ ಇನ್ನೂ ಮೇಲೆ ಹತ್ತಿಕೊಂಡಿದೆ. ಈಗ ಅಲ್ಲಿ ಮನೆಯ ಫೋನು ಚಾರ್ಜಿಗೆ ಕೂತಿರುತ್ತದೆ. 2020ರ ಲಾಕ್‌ಡೌನಿನಲ್ಲಿ ಅಣ್ಣನ ಮಗನ ಆನ್‌ಲೈನ್ ಕ್ಲಾಸಿಗೆಂದು ತಂದದ್ದು. ಕ್ಲಾಸು ಮುಗಿದು ಅವನು ಕಾಲೇಜು ಸೇರಿದರೂ ಫೋನು ಮಾಡ ಬಿಟ್ಟು ಕದಲಿಲ್ಲ. ಬೆಳಿಗ್ಗೆ ಅಪ್ಪ ಅದರಲ್ಲಿ ಕಡಲೆ ಧಾರಣಿ ನೋಡುತ್ತಾನೆ. ಮಧ್ಯಾಹ್ನ ವೈನಿ, ಅಂದರೆ ಅಣ್ಣನ ಹೆಂಡತಿ, ರೊಟ್ಟಿ ಬಡಿದು ಮುಗಿಸಿ ಧಾರಾವಾಹಿಯ ತಪ್ಪಿದ ಕಂತು ನೋಡುತ್ತಾರೆ. ಸಂಜೆ ಅವ್ವ ನನಗೆ ಮಾತು ಕಳಿಸುತ್ತಾಳೆ. ರಾತ್ರಿ ಹುಡುಗ ಆಟ ಆಡುತ್ತಾನೆ. ಒಳಗೆ ಕೂತ ಯಂತ್ರಕ್ಕೆ ಇವರೆಲ್ಲ ಒಬ್ಬನೇ. ಕಡಲೆ ಧಾರಣಿ, ಅತ್ತೆ ಸೊಸೆ ಜಗಳ, ಎತ್ತಿನ ಜಾತ್ರೆ, ಗುಂಡು ಹಾರಿಸುವ ಆಟ, ಇಷ್ಟನ್ನೂ ಒಬ್ಬನೇ ಇಷ್ಟಪಡುವ ವಿಚಿತ್ರ ಮನುಷ್ಯನೊಬ್ಬ ಗಜೇಂದ್ರಗಡದಲ್ಲಿದ್ದಾನೆಂದು ಅದು ತಿಳಿದಿದೆ. ಅವನಿಗೆ ತಕ್ಕ ಜಾಹೀರಾತನ್ನೂ ತೋರಿಸುತ್ತದೆ.

ಅವ್ವನ ಮಾತು ಎಂದೆ. ಅವಳಿಗೆ ಬರೆಯಲು ಬಾರದು, ಆದರೆ ಮೈಕಿನ ಗುರುತು ಒತ್ತಿ ಹಿಡಿಯುವುದು ಬರುತ್ತದೆ. "ಏನ್ ಮಾಡಾಕತ್ತೀಪಾ? ಉಂಡೀ?" ಎಂದು ಕೇಳಿ ಸುಮ್ಮನಾಗುತ್ತಾಳೆ. ನಾನು ಉತ್ತರ ಕೊಡಲಿ ಎಂದು. ಫೋನು ಅವಳ ಸುಮ್ಮನಿರುವಿಕೆಯನ್ನೂ ಹಿಡಿದುಕೊಂಡಿರುತ್ತದೆ: ಹಿಂದೆ ಗಿರಣಿಯ ಸದ್ದು, ಆಡು ಒದರುವುದು, ಯಾರದೋ ಬೈಕು. ನನ್ನ ಉತ್ತರ ಕೇಳಿಸಿಕೊಂಡವಳಂತೆ "ಹೂಂ, ಹಂಗಾರ ಚಲೋ ಆತು" ಎಂದು ಮುಂದಿನ ಮಾತಿಗೆ ಹೋಗುತ್ತಾಳೆ. ಮೆಟ್ರೊದಲ್ಲಿ ನಿಂತು ಕೇಳುವಾಗ ಆ ಖಾಲಿ ಜಾಗದಲ್ಲಿ ನಾನು "ಉಂಡೆ" ಎನ್ನುತ್ತೇನೆ. ಪಕ್ಕದವರು ನೋಡುತ್ತಾರೆ. ನೋಡಲಿ.

ಇನ್ನು ಆ ಒಂದು ನಂಬರಿನ ಕತೆ. ಆಧಾರ್ ಜೋಡಿಸುವ ಕಾಲದಲ್ಲಿ ಮನೆಯಲ್ಲಿ ಫೋನು ಇದ್ದದ್ದು ಅಣ್ಣನ ಹತ್ತಿರ ಮಾತ್ರ. ಅವ್ವನ ಬ್ಯಾಂಕು, ಅಪ್ಪನ ಹೊಲ, ವೈನಿಯ ಗ್ಯಾಸು, ಹುಡುಗನ ಸ್ಕಾಲರ್‌ಶಿಪ್ಪು, ಎಲ್ಲಕ್ಕೂ ಅವನ ನಂಬರೇ ಬಿತ್ತು. ಅಣ್ಣ ಬಾಡಿಗೆ ಗಾಡಿ ಓಡಿಸುತ್ತಾನೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಕಡಲೆ ಹೇರಿಕೊಂಡು ಗದಗ, ಹುಬ್ಬಳ್ಳಿ ತಿರುಗುವವನು. ಹಾಗಾಗಿ ನಮ್ಮ ಮನೆಯ ಐದೂ ಮಂದಿಯ ಗುರುತು ಅವನ ಅಂಗಿಯ ಕಿಸೆಯಲ್ಲಿ ಹೈವೇ ಮೇಲೆ ಓಡಾಡುತ್ತಿರುತ್ತದೆ.

ಹೊಲ ಇರುವುದು ರೋಣದ ಕಡೆಗೆ. ಮೊನ್ನೆಮೊನ್ನೆಯ ತನಕ ಗಜೇಂದ್ರಗಡವೂ ರೋಣ ತಾಲ್ಲೂಕಿನದೇ ಊರು. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೋಗುವ ದಿನ ಬೆಳೆ ಸಮೀಕ್ಷೆಯನ್ನೂ ಮುಗಿಸಿ ಬಿಡೋಣ ಎಂದು ಅಪ್ಪ ಹೇಳಿದ್ದ. ಬುತ್ತಿ ಗಂಟಿನಲ್ಲಿ ಸಜ್ಜೆ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಲೆ, ಅಗಸಿ ಚಟ್ನಿ, ಶೇಂಗಾ ಹೋಳಿಗಿ, ಗಡಿಗೆಯಲ್ಲಿ ಮೊಸರು. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿ, ಎಡೆ ಹಿಡಿದು ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುವುದು. ಎಡೆ ಹಿಡಿದವನ ಹಿಂದೆ ಇನ್ನೊಬ್ಬ ನೀರು ಹಾಕುತ್ತ ನಡೆಯಬೇಕು. ಆ ದಿನ ಎಡೆ ಹಿಡಿದದ್ದು ಅಪ್ಪ, ನೀರು ಹಾಕಿದ್ದು ಬೆಂಗಳೂರಿನಿಂದ ಬಂದ ನನ್ನ ಮಗಳು. ಅವಳ ಕಾಲಿಗೆ ಬೂಟು, ಕಡಲೆಯ ಹುಳಿ ತಾಗಿ ಅದು ತೊಯ್ದು ತೊಪ್ಪೆ.

ಕಡಲೆ ಗಿಡದ ಈ ಹುಳಿ ನೋಡದವರಿಗೆ ಹೇಳಬೇಕು. ಚಳಿಗಾಲದ ಬೆಳಗಿನಲ್ಲಿ ಎಲೆಯ ಮೇಲಿನ ಇಬ್ಬನಿಯೇ ಹುಳಿ. ಗಿಡ ತನ್ನ ಮೈಯಿಂದ ಹೊರಹಾಕುವ ಆಮ್ಲ ಅದು. ರಾತ್ರಿ ತೆಳು ಅರಿವೆಯನ್ನು ಗಿಡಗಳ ಮೇಲೆ ಹಾಸಿಟ್ಟು, ಬೆಳಿಗ್ಗೆ ಹಿಂಡಿ, ಹುಳಿಯನ್ನು ಸೀಸೆಯಲ್ಲಿ ತುಂಬಿಡುವ ರೂಢಿ ನಮ್ಮ ಕಡೆ ಇದೆ, ಹೊಟ್ಟೆನೋವಿಗೆ ಮನೆಮದ್ದು. ಹೊಲದಲ್ಲಿ ಕೈಯಾಡಿಸಿ ಬೆರಳು ನೆಕ್ಕಿದರೆ ನಾಲಿಗೆ ಚುರ್ ಎನ್ನುತ್ತದೆ.

ಅದೇ ಬೆರಳಿನಿಂದ ಅಪ್ಪ ಬೆಳೆ ಸಮೀಕ್ಷೆಯ ಆ್ಯಪ್ ತೆರೆಯಲು ನೋಡಿದ. ಪರದೆ ಕೇಳಲಿಲ್ಲ. ತೊಯ್ದ ಬೆರಳು ಅದಕ್ಕೆ ತಿಳಿಯುವುದಿಲ್ಲ. ಧೋತರಕ್ಕೆ ಒರೆಸಿದ, ಮತ್ತೆ ಒತ್ತಿದ, ಧೋತರವೂ ತೊಯ್ದಿತ್ತು. ಕೊನೆಗೆ ನಾನೇ ಹಿಡಿದುಕೊಂಡೆ. 2020ರ ಮುಂಗಾರಿನಿಂದ ರೈತರು ತಮ್ಮ ಬೆಳೆಯನ್ನು ತಾವೇ ಫೋಟೊ ತೆಗೆದು ಏರಿಸಬಹುದು ಎಂದಾಯಿತಲ್ಲ, ಅದು ನನ್ನ ಲೆಕ್ಕಕ್ಕೆ ಒಳ್ಳೆಯ ಕೆಲಸವೇ. ಸರ್ವೆ ನಂಬರಿನ ಒಳಗೆ ನಿಂತರೆ ಮಾತ್ರ ಫೋಟೊ ತೆಗೆದುಕೊಳ್ಳುತ್ತದೆ; ಚಾವಡಿಯಲ್ಲಿ ಕೂತು "ಕಳೆದ ವರ್ಷದ್ದೇ ಬರಿ" ಎನ್ನುವುದು ನಡೆಯುವುದಿಲ್ಲ. ಬೆಳೆ ವಿಮೆಗೆ, ಬೆಂಬಲ ಬೆಲೆಯ ಖರೀದಿಗೆ ಇದೇ ಆಧಾರ. ಒಳಗೆ ಹೋಗಲು ಮೊಬೈಲ್ ನಂಬರು, ನಂಬರಿಗೆ ಒಟಿಪಿ.

"ಅಣ್ಣಗ ಫೋನ್ ಹಚ್ಚು."

ಹಚ್ಚಿದೆ. ಅಣ್ಣ ಆಗ ಗದಗಿನ ಎಪಿಎಂಸಿಯಲ್ಲಿ.

"ಬಂದೈತಿ, ಬಂದೈತಿ. ತಡಿ, ಬಿಸಲಾಗ ಕಾಣವಲ್ದು. ನಾಕು... ಒಂಬತ್ತೋ ಏಳೋ..."

"ಸರಿಯಾಗಿ ನೋಡೋ."

"ಏ ಹಮಾಲಾ, ಅಕಾಡಿ ಇಡೋ! ಹಾಂ, ಏಳು."

ಅಷ್ಟರಲ್ಲಿ ಅವಧಿ ಮೀರಿತು. ಮತ್ತೊಂದು ಕೇಳಿದೆ, ಮತ್ತೊಂದು ಬಂತು, ಅವನು ಹೊಸದನ್ನು ಬಿಟ್ಟು ಹಳೆಯದನ್ನು ಓದಿದ. ನನ್ನ ಮಗಳು ಪಾಂಡವರ ಹತ್ತಿರ ಕೂತು ಹೋಳಿಗಿ ತಿನ್ನುತ್ತ ಇದನ್ನೆಲ್ಲ ನೋಡುತ್ತಿದ್ದಳು. "ಪಪ್ಪಾ, ನೀನು ಆಫೀಸಿನಲ್ಲಿ ಮಾಡೋದು ಇದೇನಾ?" ಹೌದು ಎಂದೆ. ಅಪ್ಪ ನಕ್ಕ. ಲಾಕ್‌ಡೌನಿನಲ್ಲಿ ನಾನು ಮಾಳಗಿಯ ಮೇಲೆ ಸಿಗ್ನಲ್ ಸಿಗುವ ಮೂಲೆಯಲ್ಲಿ ಗೋಣಿಚೀಲ ಹಾಸಿ, ಲ್ಯಾಪ್‌ಟಾಪಿಗೆ ಬಿಸಿಲು ಬೀಳದಂತೆ ಕೊಡೆ ಕಟ್ಟಿ ಕೆಲಸ ಮಾಡುತ್ತಿದ್ದಾಗಲೂ ಅವನು ಹೀಗೇ ನಕ್ಕಿದ್ದ.

ಬ್ಯಾಂಕಿನವರು ಒಟಿಪಿಯ ಜೊತೆಗೇ "ಇದನ್ನು ಯಾರಿಗೂ ಹೇಳಬೇಡಿ" ಎಂದು ಬರೆದಿರುತ್ತಾರೆ. ಸರಿಯಾದ ಮಾತು, ನಾವೇ ಬರೆಸುವುದು. ಊರಿನ ಮುದುಕರ ಖಾತೆ ತೊಳೆದು ಹೋದ ಸುದ್ದಿ ಪೇಪರಿನಲ್ಲಿ ದಿನವೂ ಇರುತ್ತದೆ. ಆದರೆ ನಮ್ಮ ಮನೆ ನಡೆಯುವುದೇ ಅದನ್ನು ಹೇಳುವುದರಿಂದ. ಅಣ್ಣ ಬಾಯಿ ಮುಚ್ಚಿದರೆ ಗ್ಯಾಸು ಬರುವುದಿಲ್ಲ, ಹೊಲದ ಫೋಟೊ ಏರುವುದಿಲ್ಲ.

ಇಲ್ಲಿಯ ತನಕ ಓದಿದವರಿಗೆ ಇದು ಕೂಡುಕುಟುಂಬದ ಹೊಗಳಿಕೆಯಂತೆ ಕೇಳಿಸುತ್ತಿದ್ದರೆ ತಡೆಯಿರಿ. ವೈನಿಯ ಮಾತು ಇನ್ನೂ ಬಂದಿಲ್ಲ.

ಅದಕ್ಕೂ ಮೊದಲು, ರೋಣವೆಂದರೆ ನನಗೆ ನೆನಪಾಗುವ ಬೇರೊಂದು ಸಂಗತಿ ಹೇಳಬೇಕು. ಭೀಮಸೇನ ಜೋಶಿ ಹುಟ್ಟಿದ್ದು ಇಲ್ಲಿ, 1922ರ ಫೆಬ್ರುವರಿ 4ರಂದು. ಅಪ್ಪ ಗುರುರಾಜ ಜೋಶಿ ಸಾಲಿ ಮಾಸ್ತರು. ಹುಡುಗನಿಗೆ ಹಾಡಿನ ಹುಚ್ಚು ಎಷ್ಟೆಂದರೆ ಭಜನೆಯ ಮೇಳವೋ ಬ್ಯಾಂಡೋ ಓಣಿಯಲ್ಲಿ ಹೋದರೆ ಹಿಂದೆಯೇ ಹೋಗಿಬಿಡುತ್ತಿದ್ದ, ದಣಿದಲ್ಲಿ ಮಲಗುತ್ತಿದ್ದ. ಹುಡುಕಿ ಹುಡುಕಿ ಸಾಕಾಗಿ ಅಪ್ಪ ಒಂದು ಉಪಾಯ ಮಾಡಿದರು: ಅಂಗಿಯ ಮೇಲೆ "ಜೋಶಿ ಮಾಸ್ತರರ ಮಗ" ಎಂದು ಬರೆಸಿಬಿಟ್ಟರು. ಸಿಕ್ಕವರು ಓದಿ ಮನೆಗೆ ಮುಟ್ಟಿಸಲಿ ಎಂದು. ಹುಡುಗನ ಹೆಸರು ಬೇಕಾಗಿಲ್ಲ. ಯಾರ ಮಗ ಎಂದು ಗೊತ್ತಾದರೆ ಸಾಕು.

ಅದೇ ಹುಡುಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಠುಮರಿಯ ರೆಕಾರ್ಡು ಕೇಳಿದ. ಗ್ರಾಮೊಫೋನೂ ಒಂದು ಯಂತ್ರವೇ. ಅಂಗಡಿಯಲ್ಲಿ ಹತ್ತಾರು ಮಂದಿ ಕೇಳಿರಬೇಕು, ಸಾಮಾನು ಕಟ್ಟಿಸಿಕೊಂಡು ಮನೆಗೆ ಹೋಗಿರಬೇಕು. ಈ ಹುಡುಗ ಮಾತ್ರ 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಗ್ವಾಲಿಯರ್, ರಾಂಪುರ ಎಂದು ಉತ್ತರ ಹಿಂದೂಸ್ತಾನವೆಲ್ಲ ಅಲೆದ. ಕೊನೆಗೆ ಅಪ್ಪ ಜಲಂಧರದಲ್ಲಿ ಅವನನ್ನು ಪತ್ತೆಹಚ್ಚಿ ಕರೆತಂದರು. ಆಮೇಲೆ ಕುಂದಗೋಳ, ಸವಾಯಿ ಗಂಧರ್ವರು, ಮುಂದಿನದು ಲೋಕಕ್ಕೇ ಗೊತ್ತು.

ಈ ಎರಡನ್ನೂ ನಾನು ಒಟ್ಟಿಗೆ ನೋಡುತ್ತೇನೆ: ಅಂಗಿಯ ಮೇಲಿನ ಬರಹ, ಅಂಗಡಿಯ ರೆಕಾರ್ಡು. ಮನೆ ಹುಡುಗನನ್ನು ಅಪ್ಪನ ಹೆಸರಿನಿಂದ ಗುರುತಿಸಿತು. ಯಂತ್ರ ಅವನೊಬ್ಬನನ್ನೇ ಮಾತಾಡಿಸಿತು, ಯಾರ ಮಗ ಎಂದು ಕೇಳಲಿಲ್ಲ. ಕಳೆದುಹೋದ ಮಗುವನ್ನು ಮನೆಗೆ ತಂದು ಮುಟ್ಟಿಸಿದ್ದು ಬರಹವೇ. ಆದರೆ ಅಂಗಿ ಬರಹದ ಮಾತನ್ನೇ ಹುಡುಗ ಕೇಳಿದ್ದರೆ ನಮಗೆ ಭೀಮಸೇನ ಜೋಶಿ ಸಿಗುತ್ತಿರಲಿಲ್ಲ. ಒಬ್ಬನನ್ನೇ ಕರೆಯುವ ಯಂತ್ರವನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಕಡೆ ಎಲ್ಲರ ಅಂಗಿಯ ಮೇಲೂ ಆ ಬರಹ ಇದ್ದೇ ಇದೆ, ಕಾಣುವುದಿಲ್ಲ ಅಷ್ಟೇ. ತನ್ನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಹೆಣ್ಣುಮಗಳಿಗೆ ಮದುವೆಯಾದರೆ ನಡುವಿನದು ಗಂಡನ ಹೆಸರಾಗುತ್ತದೆ, ಕೊನೆಯದು ಗಂಡನ ಮನೆಯದಾಗುತ್ತದೆ. ವೈನಿಯ ಸಾಲಿ ಸರ್ಟಿಫಿಕೇಟಿನಲ್ಲಿ ಅವರಪ್ಪನ ಹೆಸರು, ಆಧಾರದಲ್ಲಿ ಅಣ್ಣನ ಹೆಸರು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನಡುವಿನ ಹೆಸರೇ ಇಲ್ಲ. ಮೂರೂ ಕಾಗದ ಒಂದೇ ಹೆಣ್ಣುಮಗಳದು ಎಂದು ಅವರನ್ನು ಕಂಡ ಯಾರಾದರೂ ಹೇಳುತ್ತಾರೆ. ಕಂಪ್ಯೂಟರಿಗೆ ಮೂವರು.

ಅವ್ವನ ತವರು ನರಗುಂದದ ಕಡೆ. ಅಲ್ಲಿ ಸೋದರಮಾವನ ಮನೆಯ ಕಟ್ಟೆಯ ಮೇಲೆ ಕೂತರೆ ಗುಡ್ಡ ಎದುರಿಗೇ. ಮಾವನ ಮನೆಯಲ್ಲಿ ಈಗ ನಡೆದಿರುವುದು ಪೌತಿಯ ಗದ್ದಲ. ಅಜ್ಜ ತೀರಿಕೊಂಡು ಎಷ್ಟೋ ಕಾಲವಾಯಿತು. ಪಹಣಿಯಲ್ಲಿ ಇನ್ನೂ ಅವನೇ ಮಾಲೀಕ. ಪಹಣಿಗೆ ಆಧಾರ್ ಜೋಡಿಸಿ ಎಂದು ಊರೂರಿಗೆ ಬಂದು ಹೇಳಿದಾಗ ಗೊತ್ತಾದದ್ದು ಇದು: ಸತ್ತವನ ಹೆಬ್ಬೆಟ್ಟು ಎಲ್ಲಿಂದ ತರುವುದು? 2000ದ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರಲ್ಲ, ಅದು ದೊಡ್ಡ ಕೆಲಸ. ಕೈಬರಹದ ಪಹಣಿಗಾಗಿ ಶಾನುಭೋಗರ ಮನೆಗೆ ಅಲೆದವರನ್ನು ಕೇಳಿ ನೋಡಿ. ಆದರೆ ಯಂತ್ರ ಬರೆದುಕೊಂಡದ್ದು ಪುಸ್ತಕದಲ್ಲಿದ್ದ ಹೆಸರನ್ನು. ಹೊಲದಲ್ಲಿ ಮಾವಂದಿರು ಬದು ಹಾಕಿಕೊಂಡು ಬೇರೆಬೇರೆಯಾಗಿಯೇ ಬಿತ್ತುತ್ತಾರೆ, ಯಾವ ಬೇವಿನ ಗಿಡದಿಂದ ಆಚೆ ಯಾರದು ಎಂಬುದು ಎತ್ತುಗಳಿಗೂ ಗೊತ್ತು. ಕಾಗದದ ಮೇಲೆ ಮಾತ್ರ ಎಲ್ಲವೂ ಅಜ್ಜನದು. ಈಗ ಹೆಸರು ಬದಲಿಸಬೇಕೆಂದರೆ ವಂಶವೃಕ್ಷ ಬೇಕು, ವಂಶವೃಕ್ಷದಲ್ಲಿ ಅವ್ವನ ಹೆಸರೂ ಬರುತ್ತದೆ, ಅಕ್ಕತಂಗಿಯರ ಸಹಿ ಬೇಕು. ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಬಂದು ಬಹಳ ವರ್ಷವಾಯಿತು. ಅದು ಮಾವನ ಕಟ್ಟೆಯ ತನಕ ನಡೆದು ಬಂದದ್ದು ಈ ಫಾರ್ಮಿನ ಬೆನ್ನು ಹತ್ತಿ.

"ನಿಮ್ಮವ್ವ ಸಹಿ ಮಾಡ್ತಾಳೇನೋ?" ಎಂದು ಮಾವ ನನ್ನನ್ನು ಕೇಳಿದ.

"ಅವ್ವನ್ನ ಕೇಳ್ರಿ ಮಾಮಾ."

ಕೇಳಿಲ್ಲ ಇನ್ನೂ.

ದಫ್ತರಕ್ಕೂ ಮನೆತನಕ್ಕೂ ಜಗಳ ಬಿದ್ದದ್ದು ಈ ಊರಿನಲ್ಲಿ ಇದೇ ಮೊದಲಲ್ಲ. ನರಗುಂದದ ಬಾಬಾಸಾಹೇಬ ಭಾವೆ 1858ರಲ್ಲಿ ಬ್ರಿಟಿಷರ ಮೇಲೆ ಏಳಲು ಇದ್ದ ಕಾರಣಗಳಲ್ಲಿ ಮುಖ್ಯವಾದದ್ದು ದತ್ತಕ. ಅವನಿಗೆ ಗಂಡುಮಗು ಉಳಿಯಲಿಲ್ಲ, ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದ, ಕಂಪನಿ ಸರ್ಕಾರ ಕೊಡಲಿಲ್ಲ. ಮನೆಯವರು ಮಗನೆಂದು ಒಪ್ಪಿದರೂ ದಫ್ತರದಲ್ಲಿ ಮಗ ಅಲ್ಲ. ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯ ತಲೆ ಹೋಯಿತು, ಅದನ್ನು ನರಗುಂದದ ಅಗಸಿಗೆ ತೂಗುಹಾಕಿದರು. ಜೂನ್ 12ಕ್ಕೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. 1980ರ ಜುಲೈ 21ರ ಗೋಲಿಬಾರಂತೂ ಕಟ್ಟೆಯ ಮೇಲೆ ಕೂತ ಹಿರಿಯರು ಕಣ್ಣಾರೆ ಕಂಡದ್ದು. ಮಲಪ್ರಭೆಯ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರದ ನೋಟೀಸು ಬಂತು. ನೋಟೀಸು ಪಹಣಿಯ ಹೆಸರಿಗೆ. ಬೀದಿಗೆ ಬಂದದ್ದು ಊರಿಗೆ ಊರೇ. ನರಗುಂದ, ನವಲಗುಂದ ಎರಡೂ ಕಡೆ ರೈತರು ಸತ್ತರು, ಪೊಲೀಸರೂ ಸತ್ತರು. ರಾಜ್ಯದ ರೈತ ಸಂಘ ಹುಟ್ಟಿದ್ದು ಆ ಬೆಂಕಿಯ ನಂತರ. ಮಹದಾಯಿ ನೀರಿಗಾಗಿ 2015ರಲ್ಲಿ ಮತ್ತೆ ಧರಣಿ ಕೂತದ್ದೂ ಇದೇ ಊರು.

ಈಗ ವೈನಿಯ ಮಾತು.

2023ರ ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಯಜಮಾನಿ ಯಾರು? ಪಡಿತರ ಚೀಟಿಯಲ್ಲಿ ಇದ್ದವಳು. ಪಡಿತರ ಚೀಟಿಯಲ್ಲಿ ಯಾರು? 2013ರ ಆಹಾರ ಭದ್ರತೆ ಕಾಯ್ದೆಯ ಪ್ರಕಾರ ಮನೆಯ ಅತಿ ಹಿರಿಯ ಹೆಣ್ಣುಮಗಳು. ಅಲ್ಲಿಗೆ ಅತ್ತೆ. ಆ ವರ್ಷ ಕರ್ನಾಟಕದ ಮನೆಮನೆಯಲ್ಲಿ ನಡೆದ ಚರ್ಚೆ ವಿಧಾನಸೌಧದಲ್ಲೂ ನಡೆದಿರಲಿಕ್ಕಿಲ್ಲ. ಡೇಟಾಬೇಸಿನ ಒಂದು ಕಾಲಮ್ಮಿನಲ್ಲಿ ಒಂದೇ ಹೆಸರು ಹಿಡಿಯುತ್ತದೆ ಎಂಬ ಕಾರಣಕ್ಕೆ, ಅಡುಗೆಮನೆಯಲ್ಲಿ ಹೇಳದೆ ಕೇಳದೆ ನಡೆದುಕೊಂಡು ಬಂದಿದ್ದ ಒಪ್ಪಂದ ಬಾಯಿಬಿಟ್ಟು ಮಾತಾಡಬೇಕಾಯಿತು.

ನಮ್ಮ ಮನೆಯಲ್ಲಿ ಹಣ ಅವ್ವನ ಖಾತೆಗೆ ಬರುತ್ತದೆ. ಬಂದ ಸುದ್ದಿ ಅಣ್ಣನ ಫೋನಿಗೆ ಬರುತ್ತದೆ. ಅವ್ವನಿಗೆ ಅವನು ಹೇಳಿದಾಗ ತಿಳಿಯುತ್ತದೆ, ವೈನಿಗೆ ಅವ್ವ ಹೇಳಿದಾಗ. ವೈನಿ ಹೊಲಿಗೆ ಕೆಲಸ ಮಾಡಿ ಸ್ವಂತ ಖಾತೆಯಲ್ಲಿ ಇಟ್ಟ ದುಡ್ಡಿನ ಸುದ್ದಿಯೂ ಮೊದಲು ಅಣ್ಣನ ಕಿಸೆಗೇ. ಅಣ್ಣ ಕೆಟ್ಟವನಲ್ಲ. ಡೀಸೆಲ್ಲಿಗೆ ಕಡಿಮೆ ಬಿದ್ದ ದಿನ ಮೆಸೇಜು ಬಂದಿರುತ್ತದೆ, ಅಷ್ಟೇ. "ನಿನ್ನ ಅಕೌಂಟ್‌ನ್ಯಾಗ ಅದಾವಲ್ಲ" ಎನ್ನುತ್ತಾನೆ. ಇಲ್ಲ ಎನ್ನಲು ಅವರಿಗೆ ಎಡೆಯೇ ಇಲ್ಲ. ಅವರಜ್ಜಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದಳಂತೆ. ಡಬ್ಬಿ ಗಂಡನಿಗೆ ಮೆಸೇಜು ಕಳಿಸುತ್ತಿರಲಿಲ್ಲ.

ಊರಿನ ನೇಕಾರ ಓಣಿಯಲ್ಲೂ ಇದೇ ಕೂಡುವ ಕಳೆಯುವ ಲೆಕ್ಕ. ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆ ಒಂದು ಕಾಲದಲ್ಲಿ ಹೊಲಮನೆಯ ಹೆಣ್ಣುಮಕ್ಕಳ ನಿತ್ಯದ ಉಡುಗೆ. ದಪ್ಪ ನೂಲು, ಚೌಕಳಿ ಮೈ, ಒಳಗು ಹೊರಗು ಒಂದೇ. ಒಂದು ಮಗ್ಗುಲು ಮಾಸಿದರೆ ತಿರುಗಿಸಿ ಉಡಬಹುದು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನು ಲಾಳಿ ಎಸೆಯುತ್ತಾನೆ. ಹಿಂದೆ ಗೋಡೆಗೆ ಆತು ಹೆಂಡತಿಯೋ ಮಗಳೋ ರಾಟಿಯ ಮೇಲೆ ಕಂಡಿಕೆ ಸುತ್ತುತ್ತಿರುತ್ತಾಳೆ. ಅವಳ ಕೈ ನಿಂತರೆ ಇವನ ಲಾಳಿ ಬರಿದು. ನೇಕಾರ ಯಾರು ಎಂದು ಕೇಳಿದರೆ ಇಬ್ಬರೂ ಅವನತ್ತ ಕೈ ತೋರಿಸುತ್ತಾರೆ. 2019-20ರ ಕೈಮಗ್ಗ ಗಣತಿ ಕಂಡಿಕೆ ಸುತ್ತುವಂಥವರನ್ನೂ ಲೆಕ್ಕಕ್ಕೆ ಹಿಡಿಯಿತು. ದೇಶದ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ ನೂರಕ್ಕೆ 72 ಮಂದಿ ಹೆಣ್ಣುಮಕ್ಕಳು ಎಂದು ಅದರಿಂದಲೇ ಗೊತ್ತಾದದ್ದು. ಒಬ್ಬೊಬ್ಬರನ್ನೇ ಬಿಡಿಸಿ ಎಣಿಸದೆ ಹೋಗಿದ್ದರೆ ಆ ಅಂಕಿ ಮಗ್ಗದ ಕುಣಿಯಲ್ಲೇ ಉಳಿಯುತ್ತಿತ್ತು.

ಹಾಗಾಗಿ ಬೆಂಗಳೂರಿಗೆ ಮರಳಿ ಬಂದು ಮೀಟಿಂಗಿನಲ್ಲಿ ಕೂತಾಗ ನನಗೆ ಎರಡು ಮಾತು ಹೇಳುವುದಿತ್ತು, ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಒಂದು ನಂಬರನ್ನು ಮನೆಮಂದಿಯೆಲ್ಲ ಬಳಸುತ್ತಾರೆ ಎಂದು ತಿಳಿದೇ ಬಾಗಿಲು ಕಟ್ಟಬೇಕು: ಒಟಿಪಿ ಓದಿ ಹೇಳುವಷ್ಟು ಹೊತ್ತು ಕೊಡಬೇಕು, ಯಾರ ಪರವಾಗಿ ಯಾರು ಒಳಗೆ ಬಂದರು ಎಂದು ನೇರವಾಗಿ ಕೇಳಿ ಬರೆದುಕೊಳ್ಳಬೇಕು, ಮನೆಯಲ್ಲಿ ಇಬ್ಬರು ಯಜಮಾನಿಯರು ಇರಬಹುದೆಂದು ಒಪ್ಪಬೇಕು. ಜೊತೆಗೆ, ಅದೇ ಮನೆಯೊಳಗೆ ಸಾಸಿವೆ ಡಬ್ಬಿಯಂಥದ್ದೊಂದು ಇರಬೇಕು, ಅದರ ಸದ್ದು ಮನೆಯ ಫೋನಿಗೆ ಕೇಳಿಸಬಾರದು. ಮೊದಲನೆಯದಕ್ಕೆ "ಸೆಕ್ಯೂರಿಟಿಯವರು ಒಪ್ಪುವುದಿಲ್ಲ" ಎಂದರು. ಎರಡನೆಯದಕ್ಕೆ "ಅದಕ್ಕೆ ಅವರವರ ನಂಬರು ಕೊಟ್ಟರಾಯಿತಲ್ಲ" ಎಂದರು. ತಪ್ಪು ಹೇಳಲಿಲ್ಲ. ಮುಂದಿನ ಮೂರು ತಿಂಗಳ ಪಟ್ಟಿಯಲ್ಲಿ ಎರಡೂ ಇಲ್ಲ. ಟಿಕೆಟ್ ಬರೆದು ಇಟ್ಟಿದ್ದೇನೆ. ಉದಾಹರಣೆಯ ಜಾಗದಲ್ಲಿ ಬಾಡಿಗೆ ಗಾಡಿಯ ಡ್ರೈವರು, ಅವನ ಹೆಂಡತಿ, ಅವನ ತಾಯಿ ಎಂದು ಮೂವರನ್ನು ಸೇರಿಸಿದ್ದೇನೆ. ತಂಡದಲ್ಲಿ ಕರಾವಳಿಯ ಹುಡುಗಿಯೊಬ್ಬಳು ಅದಕ್ಕೆ "ನಮ್ಮ ಮನೆಯಲ್ಲೂ" ಎಂದು ಕೆಳಗೆ ಬರೆದಳು, ಆಮೇಲೆ ಕಲಬುರ್ಗಿಯವನೊಬ್ಬ.

ಕಳೆದ ವಾರ ವೈನಿ ಮಾಡದ ಫೋನಿನಿಂದ ಫೋನ್ ಮಾಡಿದ್ದರು. ಅಣ್ಣ ಮನೆಯಲ್ಲಿರಲಿಲ್ಲ, ಅವ್ವ ಗುಡಿಗೆ ಹೋಗಿದ್ದಳು.

"ಬ್ಯಾಂಕಿನ್ಯಾಗ ನಂಬರ್ ಬದಲಿ ಮಾಡಸಾಕ ಏನೇನ್ ಬೇಕ್ರಿ?"

"ನಿಮ್ಮ ಹೆಸರಲೆ ಸಿಮ್ ಐತೇನ್ರಿ ವೈನಿ?"

"ತಗೊಂಡೇನಿ. ಹೊಲಿಗಿ ರೊಕ್ಕದಾಗ. ಫೋನ್ ಸಣ್ಣದೈತಿ, ಒತ್ತೂದು."

ಒತ್ತುವ ಫೋನಿಗೂ ಒಟಿಪಿ ಬರುತ್ತದೆ ಎಂದೆ. ಆಧಾರ್, ಪಾಸ್‌ಬುಕ್ಕು ಹಿಡಿದು ಶಾಖೆಗೆ ತಾವೇ ಹೋಗಬೇಕು, ಅಲ್ಲೊಂದು ಫಾರ್ಮು ಕೊಡುತ್ತಾರೆ, ಸಹಿ ಪಾಸ್‌ಬುಕ್ಕಿನಲ್ಲಿ ಇದ್ದಂತೆಯೇ ಮಾಡಬೇಕು ಎಂದೆ. ಆಧಾರದಲ್ಲೂ ನಂಬರು ಬದಲಿಸಬೇಕಾಗುತ್ತದೆ, ಅದಕ್ಕೆ ಬೇರೆ ಕೇಂದ್ರ. ಹೆಸರಿನ ತೊಡಕು ಬಂದರೆ ನನಗೆ ಫೋಟೊ ತೆಗೆದು ಕಳಿಸಿರಿ ಎಂದೆ.

"ಇವರಿಗೇನ್ ಹೇಳೂದ್ರಿ?"

"ನಿಮಗ ಹೆಂಗ ಅನಸ್ತೈತಿ ಹಂಗ."

ಆ ಕಡೆ ಸ್ವಲ್ಪ ಹೊತ್ತು ಹೊಲಿಗೆ ಯಂತ್ರದ ಸದ್ದು. "ನಾನ ಹೇಳ್ತೀನಿ ತಗೊಳ್ರಿ. ಮುಚ್ಚಿ ಇಡೂದೇನೈತಿ," ಎಂದರು. ಕಡಲೆ ಕಿತ್ತು, ಒಕ್ಕಿ ಮುಗಿಯಲಿ. ಆಮೇಲೆ ಒಂದು ದಿನ ಎರಡೂ ಕೆಲಸ ಮುಗಿಸಿ ಬರುತ್ತೇನೆ, ಹೆಂಗೂ ಬಸ್ ಚಾರ್ಜು ಇಲ್ಲ ಎಂದರು.